ಹಿರಿಯರ ‘ಬಟ್ಟೆ ಡೈಪರ್’ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಹಿರಿಯರ ಆರೈಕೆ ಮಾಡುವವರಿಗೆಂದು ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯಲು ಕೂತಿದ್ದೇನೆ. ಉಚ್ಚೆಯ ಹಿಡಿತ ತಪ್ಪಿದವರಿಗೆ ಬಟ್ಟೆಯ ಡೈಪರ್ ಹೊಲಿಯುವುದು ಹೇಗೆ, ಕಟ್ಟುವುದು ಹೇಗೆ, ಒಗೆಯುವುದು ಹೇಗೆ, ಇಷ್ಟೇ ವಿಷಯ. ಒಳಗಿನದೆಲ್ಲ ಎರಡು ದಿನದಲ್ಲಿ ಬರೆದಾಯಿತು. ತಲೆಬರಹ ಮಾತ್ರ ಮೂರು ವಾರದಿಂದ ಖಾಲಿ ಬಿದ್ದಿದೆ. ಆ ವಸ್ತುವಿಗೆ ಕನ್ನಡದಲ್ಲಿ ಏನನ್ನಲಿ ಎನ್ನುವುದೇ ಬಗೆಹರಿಯುತ್ತಿಲ್ಲ. ನಿಘಂಟು ತಿರುವಿ ಸಾಕಾಗಿದೆ. ನಿಮ್ಮ ಮನೆಗಳಲ್ಲಿ ಕಿವಿಗೆ ಬಿದ್ದ ಮಾತು ಬೇಕು.

‘ಡೈಪರ್’ ಎಂದೇ ಬರೆದುಬಿಡಿ ಎನ್ನುತ್ತೀರೇನೋ. ಬರೆಯಬಹುದು, ಇಂಗ್ಲಿಷ್ ಮುಟ್ಟಬಾರದೆಂಬ ಮಡಿ ನನಗಿಲ್ಲ. ಆದರೆ ನಮ್ಮಲ್ಲಿ ಡೈಪರ್ ಅಂದರೆ ಮೆಡಿಕಲ್ ಶಾಪಿನಲ್ಲಿ ಹತ್ತರ ಪ್ಯಾಕೆಟ್ಟಿನಲ್ಲಿ ಸಿಗುವ, ಒಮ್ಮೆ ಹಾಕಿ ಎಸೆಯುವ ಸರಕು. ‘ಬಟ್ಟೆಯದು ಬೇಕು’ ಎಂದರೆ ಅಂಗಡಿಯ ಹುಡುಗ ‘ಮಗೂಗಾ?’ ಎಂದು ಕೇಳುತ್ತಾನೆ. ತಮಾಷೆ ಏನೆಂದರೆ, ಡೈಪರ್ ಎನ್ನುವುದು ಮೂಲದಲ್ಲಿ ಬಟ್ಟೆಯದೇ ಹೆಸರು. ವಜ್ರದಾಕಾರದ ಸಣ್ಣ ಸಣ್ಣ ಚೌಕುಳಿ ನೇಯ್ಗೆಯ ಬಿಳಿ ಬಟ್ಟೆಗೆ ಹಿಂದೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಿದ್ದರು. ಮೇಜಿಗೆ ಹಾಸಲು, ಕೈ ಒರೆಸಲು ಇದ್ದದ್ದು ಆಮೇಲೆ ಮಗುವಿನ ಸೊಂಟಕ್ಕೆ ಬಂತು. ಬ್ರಿಟಿಷರ ‘ನ್ಯಾಪಿ’ ಕೂಡ ನ್ಯಾಪ್ಕಿನ್ನಿನ ಮೊಟಕು. ಬಟ್ಟೆ ಹೋಗಿ ಪ್ಲಾಸ್ಟಿಕ್ ಪದರವೂ ಉಚ್ಚೆ ಹೀರಿ ಲೋಳೆಯಾಗುವ ಸೋಡಿಯಂ ಪಾಲಿಅಕ್ರಿಲೇಟ್ ಹರಳೂ ಬಂದ ಮೇಲೆ ಹೆಸರು ಅವುಗಳ ಪಾಲಾಯಿತು. ಹೀಗಾಗಿ ‘ಬಟ್ಟೆ ಡೈಪರ್’ ಎಂದಾಗಲೆಲ್ಲ ‘ಗೇಟು ಬಾಗಿಲು’ ಎಂದಂತೆ ನನ್ನ ಕಿವಿಗೆ ಕೇಳುತ್ತದೆ.

ಇನ್ನು ಲಂಗೋಟಿ. ನಮ್ಮ ಅಣ್ಣನಿಗೆ (ಅಪ್ಪನನ್ನು ನಾವು ಕರೆಯುವುದು ಅಣ್ಣ ಎಂದೇ, ಹಳೇ ಮೈಸೂರಿನ ಕಡೆಯ ರೂಢಿ) ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಹಿಡಿತ ಹೋಯಿತು. ವಯಸ್ಸು 84. ಅಂಗಡಿ ಡೈಪರಿನಲ್ಲಿ ತೊಡೆಸಂದಿ ಬೆವೆತು ಬೆವೆತು ಕೆಂಪಗೆ ಸುಲಿದು ಬಂದದ್ದರಿಂದ ಹಗಲು ಹೊತ್ತಿಗಾದರೂ ಬಟ್ಟೆ ಇರಲಿ ಎಂದು ನಾನೇ ಹೊಲಿದೆ. ಮಗಳಾಗಿ ಹೇಗೆ ಹೇಳುವುದು? ತಡವರಿಸಿ, ‘ಅಣ್ಣ, ಲಂಗೋಟಿ ಥರ ಒಂದು ಹೊಲಿದಿದೀನಿ’ ಎಂದೆ. ನೊಂದುಕೊಳ್ಳುತ್ತಾರೆ ಎಂದು ಹೆದರಿದ್ದೆ. ಅವರು ನಕ್ಕುಬಿಟ್ಟರು. ‘ಥರ ಯಾಕಮ್ಮ, ಲಂಗೋಟಿ ಅಂತಲೇ ಕೊಡು. ಗರಡಿ ಮಟ್ಟಿಗೆ ಇಳಿಯೋವಾಗ ಕಟ್ಟಿದ್ದು ಅದನ್ನೇ ತಾನೆ.’ ನನಗೆ ಲಂಗೋಟಿ ಎಂದರೆ ತೊಟ್ಟಿಲ ಕೂಸಿನ ಮುಕ್ಕೋನೆ ಬಟ್ಟೆ, ಅವರಿಗೆ ಪೈಲ್ವಾನರದು. ಒಂದೇ ಮನೆಯಲ್ಲಿ ಒಂದೇ ಪದ ಎರಡು ತುದಿಯಲ್ಲಿ ನಿಂತಿತ್ತು. ಅವರ ತುದಿಯೇ ಗೆದ್ದಿತೆಂಬುದು ನನ್ನ ಪುಣ್ಯ.

ಪದದ ಮೂಲ ‘ಲಿಂಗಪಟ್ಟ’ ಎಂದು ಹೇಳುವವರಿದ್ದಾರೆ. ನಮಗೆ ಬಂದದ್ದು ಹಿಂದಿ-ಉರ್ದು-ಮರಾಠಿ ದಾರಿಯಿಂದ ಇರಬೇಕು. ಇಂಗ್ಲಿಷರ ಬಾಯಿಗೆ ಹತ್ತಿದ ಭಾರತದ ಪದಗಳ 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲೂ ಇದು ಜಾಗ ಪಡೆದಿದೆ. ಜೊತೆಗೆ ಸಂಸ್ಕೃತದ ಕೌಪೀನ ಇದೆ. ಅದು ಸನ್ಯಾಸಿಗೆ, ಉಪನಯನದ ವಟುವಿಗೆ ಸರಿ. ತಮಿಳಿನಲ್ಲಿ ಅದೇ ಕೋವಣಂ. ತಮಿಳುನಾಡಿನ ಅರವತ್ತುಮೂವರು ಶಿವಭಕ್ತರಲ್ಲಿ ಒಬ್ಬನಾದ ಅಮರನೀತಿಯ ಕಥೆ ನೆನಪಿರಬಹುದು: ಶಿವ ಕೊಟ್ಟು ಹೋದ ಕೌಪೀನ ಕಾಣೆಯಾಗುತ್ತದೆ, ಅದಕ್ಕೆ ಬದಲಾಗಿ ತಕ್ಕಡಿಗೆ ಏನು ಹಾಕಿದರೂ ತೂಗುವುದಿಲ್ಲ, ಕೊನೆಗೆ ಹೆಂಡತಿ ಮಗನೊಡನೆ ತಾನೇ ತಕ್ಕಡಿ ಹತ್ತುತ್ತಾನೆ. ರಾತ್ರಿ ಅಣ್ಣನಿಗೆ ಎಷ್ಟು ಹೋಗುತ್ತದೆಂದು ತಿಳಿಯಲು ನಾನು ಅಡುಗೆಮನೆಯ ತಕ್ಕಡಿಯಲ್ಲಿ ಲಂಗೋಟಿ ತೂಗುವಾಗಲೆಲ್ಲ ಆ ಕಥೆ ನೆನಪಾಗಿ ನಗು ಬರುತ್ತದೆ. ಒಣಗಿದ್ದು 180 ಗ್ರಾಂ, ಬೆಳಗ್ಗೆ ಬಿಚ್ಚಿದ್ದು 520. ಅಂದರೆ ಸುಮಾರು 340 ಮಿಲಿ. ಹಾಗೆ ತೂಗಿದ ಮೇಲೇ ರಾತ್ರಿಯದಕ್ಕೆ ಎರಡು ಪದರ ಹೆಚ್ಚಿಸಿದ್ದು.

‘ಕಚ್ಚೆ’ ಎಂದು ಯಾರಾದರೂ ಸೂಚಿಸುವ ಮುಂಚೆಯೇ ಹೇಳಿಬಿಡುತ್ತೇನೆ, ಬೇಡ. ಗಂಡುಗಚ್ಚೆ, ವೀರಗಚ್ಚೆ ಚೆನ್ನಾಗಿಯೇ ಇವೆ, ಆದರೆ ಕಚ್ಚೆಹರುಕ ಪಕ್ಕದಲ್ಲೇ ಕೂತಿದ್ದಾನೆ.

ನಿಜವಾದ ತೊಡಕು ಹೆಂಗಸರದು. ನಮ್ಮ ಅತ್ತೆಯವರಿಗೆ ಕೆಮ್ಮಿದರೆ, ಸೀನಿದರೆ ಹೋಗುತ್ತಿತ್ತು. ಆಮೇಲಾಮೇಲೆ ಬಚ್ಚಲಿಗೆ ಹೋಗುವಷ್ಟರಲ್ಲೇ ಆಗಿಬಿಡುತ್ತಿತ್ತು. ಅವರಿಗೆ ಲಂಗೋಟಿ ಎನ್ನುವಂತಿಲ್ಲ, ಅದು ಗಂಡಸರದು. ‘ಬಟ್ಟೆ ಇಟ್ಕೊಳ್ಳಿ ಅತ್ತೆ’ ಎಂದೆ. ಅಷ್ಟೇ, ಅವತ್ತಿನಿಂದ ದೇವರ ಮನೆ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಕೇಳಿದರೆ, ‘ಬಟ್ಟೆ ಇಟ್ಕೊಂಡು ದೇವರ ಮುಂದೆ ಹೇಗೆ ನಿಲ್ಲಲಿ?’ ಮುಟ್ಟು ನಿಂತು ಕಾಲು ಶತಮಾನ ದಾಟಿತ್ತು. ಆದರೆ ‘ಬಟ್ಟೆ ಇಟ್ಕೊಳ್ಳೋದು’ ಎಂದರೆ ಅವರ ಪ್ರಾಯದಲ್ಲಿ ಒಂದೇ ಅರ್ಥ, ಮೂರು ದಿನ ಹೊರಗಿರುವುದು. ನಾನು ಆಡಿದ್ದು ಎರಡೇ ಪದ, ಅವರು ಕಳೆದುಕೊಂಡದ್ದು ದಿನಬೆಳಗಿನ ದೀಪ ಹಚ್ಚುವ ಕೆಲಸ. ‘ಪ್ಯಾಡ್’ ಎಂದು ತಿದ್ದಿ ನೋಡಿದೆ, ಅದೂ ಅದೇ ಮನೆಯದು.

ಕೊನೆಗೆ ದಾರಿ ಸಿಕ್ಕಿದ್ದು ಸೀರೆಯಿಂದ. ಮೆತ್ತಗಾದ ಅವರದೇ ಹಳೇ ವಾಯಿಲ್ ಸೀರೆ ಹರಿದು ಎಂಟು ಪದರ ಮಡಿಸಿ ಹೊಲಿದಿದ್ದೆ. ಒಂದು ದಿನ ಅವರೇ, ‘ಇನ್ನೊಂದು ವಾಯಿಲ್ ಕೊಡಮ್ಮ’ ಎಂದರು. ಮುಗಿಯಿತು, ಮನೆಯಲ್ಲಿ ಅದರ ಹೆಸರು ವಾಯಿಲ್ ಎಂದೇ ಆಯಿತು. ಬಂದವರ ಮುಂದೆಯೂ ಸಂಕೋಚವಿಲ್ಲದೆ ಕೇಳುತ್ತಿದ್ದರು. ದೀಪಾನೂ ಹಚ್ಚಿದರು.

ಇಲ್ಲಿಂದಲೇ ನನಗೊಂದು ಅಳತೆಗೋಲು ಸಿಕ್ಕಿತು. ಈ ಪದವನ್ನು ಹೆಚ್ಚು ಸಲ ಆಡುವವರು ವೈದ್ಯರಲ್ಲ, ಕೈಪಿಡಿ ಬರೆಯುವ ನಾನೂ ಅಲ್ಲ. ಉಟ್ಟುಕೊಳ್ಳುವವರು. ಅವರು ತಾವಾಗಿ ಬಾಯಿಬಿಟ್ಟು ‘ಇಂಥದ್ದು ಕೊಡಿ’, ‘ಇಂಥದ್ದು ಒದ್ದೆಯಾಗಿದೆ’ ಎನ್ನುವಂತಿರಬೇಕು. ಹೇಳಲು ನಾಚಿ ಎರಡು ಗಂಟೆ ಒದ್ದೆಯಲ್ಲೇ ಮಲಗಿದರೆ ಉಚ್ಚೆಯ ಅಮೋನಿಯಾಕ್ಕೆ ಚರ್ಮ ಸುಡುತ್ತದೆ. ಬಟ್ಟೆಯದಂತೂ ಅಂಗಡಿಯದರ ಹಾಗೆ ತೇವವನ್ನು ಒಳಗೆಳೆದು ಬಚ್ಚಿಡುವುದಿಲ್ಲ, ಮೈಗೇ ತಾಗಿಸಿಟ್ಟಿರುತ್ತದೆ. ಬೇಗ ಬೇಗ ಬದಲಾಯಿಸಬೇಕು, ಬದಲಾಯಿಸಬೇಕೆಂದರೆ ಅವರು ಹೇಳಬೇಕು. ಹೆಸರಿನ ಮೇಲೆ ನನಗಿಷ್ಟು ಹಟ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ನಾಮಪದಕ್ಕಿಂತ ಕ್ರಿಯಾಪದವೇ ಹೆಚ್ಚು ಕಾಡಿತೆಂದರೆ ನಂಬುತ್ತೀರಾ? ಲಂಗೋಟಿ ಕಟ್ಟುತ್ತೇವೆ, ಪ್ಯಾಡ್ ಇಡುತ್ತೇವೆ, ಡೈಪರ್ ಹಾಕುತ್ತೇವೆ. ‘ಅವರಿಗೆ ಡೈಪರ್ ಹಾಕಿದೀವಿ’ ಎನ್ನುವ ಮಾತಿನಲ್ಲಿ ಪೈಪ್ ಹಾಕಿದ, ಪಟ್ಟಿ ಹಾಕಿದ ಆಸ್ಪತ್ರೆಯ ವಾಸನೆ ಇದೆ. ಕನ್ನಡದಲ್ಲಿ ಸೊಂಟಕ್ಕೆ ಸುತ್ತುವುದಕ್ಕೆ ಉಡು, ಮೈಗೆ ತೂರಿಸುವುದಕ್ಕೆ ತೊಡು, ಮೇಲೆ ಎಳೆದುಕೊಳ್ಳುವುದಕ್ಕೆ ಹೊದೆ ಎಂದು ಎಷ್ಟು ಚೆನ್ನಾಗಿ ವಿಂಗಡವಾಗಿದೆ. ಪಂಚೆ ಉಡುತ್ತೇವೆ, ಸೀರೆ ಉಡುತ್ತೇವೆ. ಇದನ್ನೂ ‘ಉಡಿಸಿ’ ಎಂದೇ ಕೈಪಿಡಿಯ ಉದ್ದಕ್ಕೂ ಬರೆದಿದ್ದೇನೆ. ನನ್ನ ತಮ್ಮ ಓದಿ ‘ದೇವರಿಗೆ ಸೀರೆ ಉಡಿಸಿದ ಹಾಗಿದೆ’ ಎಂದು ಆಡಿಕೊಂಡ. ಇರಲಿ ಬಿಡಿ.

ಎರಡನೆಯ ಪ್ರಶ್ನೆ ಆ ತೊಂದರೆಯ ಹೆಸರಿನದು. ಆರೋಗ್ಯದ ಬರಹಗಳಲ್ಲಿ ‘ಮೂತ್ರದ ಅಸಂಯಮ’ ಎಂದು ಕಾಣುತ್ತಿದೆ. ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಸಂಯಮ ಇಲ್ಲದ್ದು ಎಂದರೆ ಏನರ್ಥ? 84ರ ಮುದುಕರು ಚಟಕ್ಕೆ ಬಿದ್ದಿದ್ದಾರೆಯೇ? ಇಂಗ್ಲಿಷಿನ ಇನ್‌ಕಾಂಟಿನೆನ್ಸ್ ಎನ್ನುವುದರಲ್ಲೂ ಮೊದಲು ಇದ್ದದ್ದು ಇಂದ್ರಿಯನಿಗ್ರಹವಿಲ್ಲದಿರುವುದು ಎಂಬ ಅರ್ಥವೇ, ದೇಹದ ತೊಂದರೆಯ ಅರ್ಥ ಆಮೇಲಿನದು. ಅವರ ಹಳೇ ಬೈಗುಳವನ್ನು ನಾವು ಸಂಸ್ಕೃತಕ್ಕೆ ಹಾಕಿ ಹೊಸದಾಗಿ ತಂದುಕೊಂಡೆವು. ಆಯುರ್ವೇದದ ಶಯ್ಯಾಮೂತ್ರ ಇದೆ, ಅದು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಮೀಸಲು.

ಜನ ಹೇಗೆ ಹೇಳುತ್ತಾರೆ ಕೇಳಿ: ‘ಕೆಮ್ಮಿದ್ರೆ ಎರಡು ತೊಟ್ಟು ಹೋಗುತ್ತೆ.’ ‘ಬಂತು ಅಂದ್ರೆ ಬಂತು, ತಡೆಯೋಕಾಗಲ್ಲ.’ ‘ಪೂರ್ತಿ ಹೋಗಲ್ಲ, ತೊಟ್ಟಿಕ್ತಾನೇ ಇರುತ್ತೆ.’ ‘ಆದದ್ದೇ ಗೊತ್ತಾಗಲ್ಲ.’ ವೈದ್ಯರು ಸ್ಟ್ರೆಸ್, ಅರ್ಜ್, ಓವರ್‌ಫ್ಲೋ ಎಂದು ಮಾಡುವ ವಿಂಗಡಣೆ ಕ್ರಮವಾಗಿ ಈ ಮೊದಲ ಮೂರು ಮಾತಿನಲ್ಲೇ ಇದೆ. ವ್ಯಾಕರಣವನ್ನೂ ನೋಡಿ. ‘ಹೋಗುತ್ತೆ’ ಎಂದಾಗ ಕರ್ತೃ ಉಚ್ಚೆ, ಮನುಷ್ಯನ ತಪ್ಪಿಲ್ಲ. ‘ಮಾಡ್ಕೊಂಡುಬಿಟ್ರು’ ಎಂದ ಕೂಡಲೇ ಆ ‘ಕೊಳ್ಳು’ ಬಂದು ತಪ್ಪನ್ನು ಅವರ ತಲೆಗೆ ಕಟ್ಟುತ್ತದೆ. ತಮ್ಮ ಬಗ್ಗೆ ಹೇಳುವಾಗ ಎಲ್ಲರೂ ‘ಹೋಗುತ್ತೆ’ ಎನ್ನುತ್ತಾರೆ, ನೋಡಿಕೊಳ್ಳುವವರು ಸುಸ್ತಾದಾಗ ‘ಮಾಡ್ಕೊಂಡ್ರು’ ಎನ್ನುತ್ತಾರೆ. ನಾನೂ ಅಂದಿದ್ದೇನೆ. ‘ಹಿಡಿತ ತಪ್ಪುವುದು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಇದಕ್ಕಿಂತ ಹಗುರಾದದ್ದು ಇದ್ದರೆ ಹೇಳಿ.

ಭಾಗಗಳ ಹೆಸರಿಗೆ ತೊಂದರೆಯಾಗಲಿಲ್ಲ, ನಮ್ಮ ಬೀದಿಯ ಟೈಲರಮ್ಮ ಎಲ್ಲ ಕೊಟ್ಟರು. ಸೊಂಟದಲ್ಲಿ ಲಾಡಿ, ಇಲ್ಲವೇ ಟಿಚ್ ಬಟನ್. ತೊಡೆಯ ಸುತ್ತ ಎಲಾಸ್ಟಿಕ್, ಬಿಗಿ ಬೇಡ. ಹೀರುವ ಪದರಕ್ಕೆ ಟರ್ಕಿ ಟವೆಲ್ ಇಲ್ಲವೇ ಹಳೇ ಪಂಚೆ. ಹೊಸ ಬಟ್ಟೆಯಾದರೆ ನಾಲ್ಕೈದು ಸಲ ಒಗೆದು ಗಂಜಿ ಬಿಡಿಸದೆ ಹೀರುವುದಿಲ್ಲ. ಹೊರಗಿನ ನೀರು ಸೋರದ ಹೊದಿಕೆಗೆ ಆಕೆ ಹೇಳಿದ್ದು ‘ಪ್ಲಾಸ್ಟಿಕ್ ಚಡ್ಡಿ’, ಅದಿನ್ನೂ ಕೂಸಿನ ಮಾತಾದ್ದರಿಂದ ‘ಮೇಲ್ಹೊದಿಕೆ’ ಮಾಡಿಕೊಂಡೆ. ಒಳಗೆ ಇಟ್ಟು ತೆಗೆಯುವ ದಪ್ಪ ಮಡಿಕೆಗೆ ಧಾರವಾಡದ ಗೆಳತಿಯೊಬ್ಬಳು ‘ಸಣ್ಣ ಕೌದಿ’ ಎನ್ನುತ್ತಾಳೆ. ಹಳೇ ಸೀರೆಯ ಪದರಗಳನ್ನು ಓಡುಹೊಲಿಗೆಯಲ್ಲಿ ಹಿಡಿಯುವುದೇ ಕೌದಿಯ ಕೆಲಸ ತಾನೆ, ನನಗೆ ಬಹಳ ಹಿಡಿಸಿತು. ಆದರೆ ದಕ್ಷಿಣದ ಕಡೆ ಕೌದಿ ಅರ್ಥವಾದೀತೇ?

ಹಾಸಿಗೆ ಮೇಲಿನ ರಬ್ಬರ್ ಶೀಟಿಗೆ ಆಸ್ಪತ್ರೆಯ ನರ್ಸುಗಳು ಇವತ್ತಿಗೂ ‘ಮ್ಯಾಕಿಂಟಾಷ್’ ಎನ್ನುತ್ತಾರೆ. 1823ರಲ್ಲಿ ರಬ್ಬರ್ ಲೇಪದ ಬಟ್ಟೆಗೆ ಪೇಟೆಂಟ್ ಪಡೆದ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಲ್ಲಿ, ನಮ್ಮ ವಾರ್ಡಿನ ಆಯಾ ಎಲ್ಲಿ! ಮನೆಯ ಮಾತಿನಲ್ಲಿ ಅದು ರಬ್ಬರ್ ಶೀಟೇ, ಹಾಗೇ ಬಿಟ್ಟಿದ್ದೇನೆ.

ಒಗೆಯುವ ಪುಟದಲ್ಲಿ ಒಂದೇ ಪದದ ಅನುಮಾನ. ಎರಡಕ್ಕೆ ಆದದ್ದನ್ನು ಕಕ್ಕಸಿಗೆ ಉದುರಿಸಿ, ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಸೋಪು, ಬಿಸಿಲು. ಬಟ್ಟೆ ಮೆತ್ತಗಾಗಲೆಂದು ಕಂಫರ್ಟ್ ಥರದ್ದು ಹಾಕಬಾರದು, ಹೀರುವ ಗುಣ ಹೋಗುತ್ತದೆ. ಈ ‘ಹೀರುವ ಗುಣ’ಕ್ಕೆ ಒಂದೇ ಪದ? ‘ಹೀರಿಕೆ’ ಎಂದರೆ ಓದುವವರಿಗೆ ಆಗಿಬರುತ್ತದೆಯೇ? ಮಳೆಗಾಲದಲ್ಲಿ ಒಣಗಿಸುವ ಕಷ್ಟಕ್ಕೆ ಪದಗಳ ಕೊರತೆ ಇಲ್ಲ, ಮಲೆನಾಡಿನವರು ಬೇಕಾದಷ್ಟು ಬೈಗುಳ ಒದಗಿಸಿದ್ದಾರೆ.

ಹಾಗಾಗಿ ಕೇಳುವುದಿಷ್ಟು. ನಿಮ್ಮ ಮನೆಯ ಹಿರಿಯರು, ಅವರೇ ತಮ್ಮ ಬಾಯಲ್ಲಿ, ಇದನ್ನು ಏನೆಂದು ಕೇಳುತ್ತಿದ್ದರು? ಅಜ್ಜಿಯಂದಿರ ಮಾತು ಮೊದಲು ಬೇಕು, ಗಂಡಸರಿಗೆ ಲಂಗೋಟಿ ನಡೆದೀತು. ಕರಾವಳಿಯಿಂದ, ಕೊಡಗಿನಿಂದ, ಕಲಬುರಗಿ-ಬೀದರ್ ಕಡೆಯಿಂದ ಒಂದೂ ಪದ ನನ್ನ ಕೈಗೆ ಬಂದಿಲ್ಲ. ಹೊಸದಾಗಿ ಟಂಕಿಸಿ ಕಳಿಸುವವರಲ್ಲಿ ಒಂದು ಕೋರಿಕೆ: ‘ಮೂತ್ರ’ ಎಂದು ಶುರುವಾಗುವುದು ಬೇಡ, ‘ಶಿಶು’ ನೆನಪಿಸುವುದೂ ಬೇಡ. ನನ್ನ ಪಟ್ಟಿಯಲ್ಲಿ ಸದ್ಯ ‘ಒಳಪಂಚೆ’ ಮತ್ತು ‘ಒಳಮಡಿಕೆ’ ಇವೆ. ಮೊದಲನೆಯದು ಅಣ್ಣನಿಗೆ ಇಷ್ಟ, ಎರಡನೆಯದನ್ನು ಟೈಲರಮ್ಮ ಆಗಲೇ ಅಳತೆ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.