ತಮಸೇಸೆ ಯಾರ ಶಿಷ್ಯರೂ ಅಲ್ಲ

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ನಮ್ಮ ಮನೆತನದ ಗುಂಪಿಗೆ ಹಾಕಿದ ಫಾರ್ವರ್ಡ್ ಇದು:

"ಗಾಂಧೀಜಿಯ ಸಮೋವಾ ಶಿಷ್ಯ! ಪೆಸಿಫಿಕ್ ಸಾಗರದ ಪುಟ್ಟ ದ್ವೀಪದ ರಾಜ ತಮಸೇಸೆ. ದಂಡಿ ಯಾತ್ರೆಯ ಸುದ್ದಿ ಕೇಳಿ ಬ್ರಿಟಿಷರ ವಿರುದ್ಧ ಸತ್ಯಾಗ್ರಹ ಹೂಡಿದ. ಗುಂಡೇಟು ಬಿದ್ದರೂ ಸೇಡು ಬೇಡ ಎಂದು ಹೇಳಿ ಪ್ರಾಣ ಬಿಟ್ಟ. ನಮ್ಮ ಪಠ್ಯಪುಸ್ತಕದಲ್ಲಿ ಇದು ಯಾಕಿಲ್ಲ? ಹೆಮ್ಮೆಯ ಭಾರತೀಯರಾದರೆ ಹತ್ತು ಜನಕ್ಕೆ ಕಳಿಸಿ."

ಜೊತೆಗೆ ಒಂದು ಚಿತ್ರ, ಮುಖದ ತುಂಬ ಹಚ್ಚೆ ಇರುವ ಒಬ್ಬ ಗಂಡಸು.

ಅದನ್ನು ಓದಿ ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ, ಕೈಮುಗಿಯುವ ಚಿಹ್ನೆಗಳು ಸಾಲಾಗಿ ಬಂದವು. ಆಮೇಲೆ ದೊಡ್ಡಪ್ಪ ಬಂದರು.

ದೊಡ್ಡಪ್ಪ: ನೋಡಿ ಮಕ್ಕಳೇ, ಗುಂಡು ಬಿದ್ದರೂ ಸೇಡು ಬೇಡ ಅಂದ ಮನುಷ್ಯ. ನೀವು ಗಣಪತಿ ಹಬ್ಬದ ಖರ್ಚಿನ ಲೆಕ್ಕಕ್ಕೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ದಿನಕ್ಕೊಂದು ಸಲ ಇದನ್ನು ಓದಿ.

ಭಾವ: ಚಿಕ್ಕಮಾವ, ಇದಕ್ಕೆ ಮೂಲ ಯಾವುದು?

ಚಿಕ್ಕಪ್ಪ: ನಮ್ಮ ಯೋಗದ ಗುಂಪಿನಲ್ಲಿ ಬಂತು. ಕಳಿಸಿದವರು ನಿವೃತ್ತ ಪ್ರೊಫೆಸರು.

ಭಾವ: ಪ್ರೊಫೆಸರು ಕಳಿಸಿದರು ಅನ್ನುವುದು ಮೂಲ ಆಗುವುದಿಲ್ಲ. ದಂಡಿ ಯಾತ್ರೆ ಹೊರಟದ್ದು 1930ರ ಮಾರ್ಚ್ 12ಕ್ಕೆ. ತಮಸೇಸೆಗೆ ಗುಂಡು ಬಿದ್ದದ್ದು 1929ರ ಡಿಸೆಂಬರ್ 28ಕ್ಕೆ. ತೀರಿಕೊಂಡ ಮೇಲೆ ಯಾತ್ರೆಯ ಸುದ್ದಿ ಹೇಗೆ ಕೇಳುತ್ತಾರೆ?

ಭಾವ ಹೇಳಿದ ಎರಡು ತಾರೀಖೂ ಸರಿ. ಫಾರ್ವರ್ಡಿನ ಅರ್ಧ ಅಲ್ಲಿಗೇ ಬಿದ್ದುಹೋಗಬೇಕಿತ್ತು. ಆದರೆ ಹಾಸನದ ಅತ್ತೆ ಅಷ್ಟರಲ್ಲಿ ಬೇರೆಯದನ್ನು ಹಿಡಿದುಕೊಂಡಿದ್ದರು.

ಅತ್ತೆ: ಅಳಿಯಂದಿರು ಎಲ್ಲದಕ್ಕೂ ಮೂಲ ಕೇಳುತ್ತಾರೆ. ನಮ್ಮಪ್ಪ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿದ್ದರು ಅಂದಾಗಲೂ ದಾಖಲೆ ಇದೆಯಾ ಅಂತ ಕೇಳಿದವರು ಇವರೇ. ಮದುವೆ ಮನೆಯಲ್ಲಿ, ಎಲ್ಲರ ಎದುರಿಗೆ.

ಭಾವ: ನಾನು ಸುಳ್ಳು ಅನ್ನಲಿಲ್ಲ ಅತ್ತೆ. ದಾಖಲೆ ಇದ್ದರೆ ಜೋಪಾನ ಮಾಡೋಣ ಅಂದೆ.

ಅತ್ತೆ: ಹೇಗೆ ಅಂದಿರಿ ಅಂತ ನನಗೆ ಗೊತ್ತಿದೆ.

ಇದೇ ಮಾತು ತುಂಬ ಹೊತ್ತು ನಡೆಯಿತು. ತಾತ ಅವತ್ತು ಯಾವ ಬಸ್ಸಿನಲ್ಲಿ ಹೋದರು, ಯಾರ ಮನೆಯಲ್ಲಿ ಉಳಿದರು, ಅಜ್ಜಿ ಎಷ್ಟು ಅತ್ತರು, ಎಲ್ಲ ಬಂತು. ಸಮೋವಾದ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನನಗೆ ಸಂಕಟವಾಯಿತು. ಈ ಮನುಷ್ಯನ ಬಗ್ಗೆ ನಾನು ಕೆಲವು ವರ್ಷಗಳಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಅವರ ಹೆಸರು ನಮ್ಮ ಮನೆಯವರ ಬಾಯಲ್ಲಿ ಮೊದಲ ಸಲ ಬಂದಿತ್ತು. ಅದೂ ತಪ್ಪು ತಾರೀಖಿನ ಜೊತೆ, ಇನ್ನೊಬ್ಬರ ಶಿಷ್ಯನಾಗಿ. ಹಾಗಾಗಿ ನಾನೂ ಬರೆದೆ.

ನಾನು: ತಮಸೇಸೆ ರಾಜ ಅಲ್ಲ. ಸಮೋವಾದಲ್ಲಿ ಪ್ರತಿ ದೊಡ್ಡ ಕುಟುಂಬಕ್ಕೂ ಒಬ್ಬ ಮುಖ್ಯಸ್ಥ ಇರುತ್ತಾನೆ, ಮತಾಯಿ ಅನ್ನುತ್ತಾರೆ. ಕುಟುಂಬದವರೇ ಕೂತು ಮಾತಾಡಿ ಆರಿಸುತ್ತಾರೆ. ತುಪುವಾ ತಮಸೇಸೆ ಅನ್ನುವುದು ಅಲ್ಲಿನ ನಾಲ್ಕು ಅತಿ ದೊಡ್ಡ ಪದವಿಗಳಲ್ಲಿ ಒಂದು. ಇವರ ಸ್ವಂತ ಹೆಸರು ಲೆಯಾಲೋಫಿ. ಸರ್ಕಾರದ ಜೊತೆ ಇವರ ಜಗಳ ಶುರುವಾದದ್ದು ಒಂದು ದಾಸವಾಳದ ಬೇಲಿಯಿಂದ. ಸ್ವಂತ ಜಾಗದ ಬೇಲಿಯನ್ನು ತೆಗೆಯಿರಿ ಅಂತ ಆಜ್ಞೆ ಬಂತು. ಇವರು ಒಪ್ಪಲಿಲ್ಲ. ಊರು ಬಿಡಿಸಿದರು, ಪದವಿಯನ್ನೂ ಕಿತ್ತುಕೊಂಡರು.

ಮುಂದಿನ ಸಾಲು ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗ ನುಗ್ಗಿದ.

ತಮ್ಮ: ದಾಸವಾಳದ ಬೇಲಿ! ನಮ್ಮ ಹಳೇ ಮನೆಯ ಮುಂದೆಯೂ ಇತ್ತಲ್ವಾ? ಬೇಸಿಗೆ ರಜೆಯಲ್ಲಿ ಹೂವಿನ ತೊಟ್ಟು ಕಿತ್ತು ಸಿಹಿ ಹೀರುತ್ತಿದ್ದೆವು. ಅಜ್ಜಿ ಪೂಜೆಗೆ ಹೂವು ಉಳಿಸಿ ಅಂತ ಬೈಯುತ್ತಿದ್ದರು. ಬೇಲಿ ಆಚೆ ಕ್ರಿಕೆಟ್ ಚೆಂಡು ಹೋದರೆ ಮುಗೀತು.

ಅತ್ತೆ: ಆ ಬೇಲಿ ಕಡಿಸಿದವರು ಯಾರು ಅಂತಲೂ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಕಾಂಪೌಂಡ್ ಹಾಕಿಸದಿದ್ದರೆ ಪಕ್ಕದವರು ನಮ್ಮ ಜಾಗದೊಳಗೆ ಬರುತ್ತಿದ್ದರು. ಆಗ ಒಬ್ಬರೂ ದುಡ್ಡು ಕೊಡಲಿಲ್ಲ. ಈಗ ಎಲ್ಲರಿಗೂ ದಾಸವಾಳ ನೆನಪಾಗುತ್ತದೆ.

ಅತ್ತೆ: ಕೇಳಿದ್ದರೆ ತಾನೇ ಕೊಡುವುದು?

ಕಾಂಪೌಂಡಿನ ಜಗಳ ನಮ್ಮ ಮನೆಯಲ್ಲಿ ಹಳೆಯದು, ಅವತ್ತೂ ಮುಗಿಯಲಿಲ್ಲ. ಅದರ ನಡುವೆಯೇ ಆಕ್ಲೆಂಡಿನ ಅಕ್ಕ ಬಂದಳು. ಅವಳು ಈ ಚಿಕ್ಕಪ್ಪನ ಮಗಳೇ. ನಮಗೆ ಬೆಳಗಿನ ತಿಂಡಿಯ ಹೊತ್ತಾದರೆ ಅವಳಿಗೆ ಮಧ್ಯಾಹ್ನ ಕಳೆದಿರುತ್ತದೆ.

ಅಕ್ಕ: ಅಪ್ಪಾ, ಆ ಚಿತ್ರ ತಪ್ಪು. ಮುಖಕ್ಕೆ ಹಾಗೆ ಹಚ್ಚೆ ಹಾಕಿಸಿಕೊಳ್ಳುವವರು ಇಲ್ಲಿನ ಮಾವೊರಿಗಳು. ಸಮೋವಾದ ಗಂಡಸರ ಸಾಂಪ್ರದಾಯಿಕ ಹಚ್ಚೆ ಸೊಂಟದಿಂದ ಮೊಣಕಾಲಿನವರೆಗೆ. ಇನ್ನೊಂದು ಮಾತು. ಗುಂಡು ಹಾರಿಸಿದವರು ಬ್ರಿಟನ್ನಿನಿಂದ ಬಂದವರಲ್ಲ, ನ್ಯೂಜಿಲೆಂಡಿನ ಪೊಲೀಸರು. ನಾನಿರುವ ಈ ದೇಶದವರು.

ಚಿಕ್ಕಪ್ಪ: ನ್ಯೂಜಿಲೆಂಡಿನವರೂ ಇನ್ನೊಂದು ದೇಶವನ್ನು ಆಳಿದ್ದರಾ?

ಅಕ್ಕ: 1900ರಿಂದ ಜರ್ಮನಿ ಆಳುತ್ತಿತ್ತು. 1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾದ ಕೂಡಲೇ ನ್ಯೂಜಿಲೆಂಡಿನ ಸೈನ್ಯ ಹೋಗಿ ಇಳಿಯಿತು. ಯುದ್ಧ ಮುಗಿದ ಮೇಲೆ ಲೀಗ್ ಆಫ್ ನೇಷನ್ಸ್ ಇವರ ಕೈಗೇ ಕೊಟ್ಟಿತು. ನಮ್ಮ ಪಕ್ಕದ ಬೀದಿಯಲ್ಲಿ ಸಮೋವಾದ ಕುಟುಂಬಗಳಿವೆ. ಅವರ ಜೊತೆ ಹಳೆಯ ಮಾತು ತೆಗೆದರೆ ಮೊದಲು ಬರುವುದು ಗುಂಡಿನ ವಿಷಯವಲ್ಲ, ಜ್ವರದ ವಿಷಯ.

ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ, ಒಳ್ಳೆಯದಾಯಿತು. ಆಕ್ಲೆಂಡಿನಿಂದ ಹೊರಟ ತಾಲುನೆ ಎಂಬ ಹಡಗು 1918ರ ನವೆಂಬರ್ 7ಕ್ಕೆ ಸಮೋವಾದ ಅಪಿಯಾ ಬಂದರಿಗೆ ಬಂತು. ಅದರಲ್ಲಿ ಇನ್‌ಫ್ಲುಯೆಂಜಾ ಹತ್ತಿದವರಿದ್ದರು. ಹಡಗನ್ನು ತಡೆದು ನಿಲ್ಲಿಸಲಿಲ್ಲ, ಜನರನ್ನು ಇಳಿಯಲು ಬಿಟ್ಟರು. ಸುಮಾರು 8,500 ಜನ ಸತ್ತರು. ಐದರಲ್ಲಿ ಒಬ್ಬರಿಗಿಂತ ಜಾಸ್ತಿ. ಊರಿನ ಹಿರಿಯರು, ಮಾತು ಬಲ್ಲವರು, ಮತಾಯಿಗಳು ಸಾಲುಸಾಲಾಗಿ ಹೋದರು. ಪಕ್ಕದಲ್ಲೇ ಅಮೆರಿಕದ ಕೈಯಲ್ಲಿದ್ದ ಸಮೋವಾದ ದ್ವೀಪಗಳಿದ್ದವು. ಅಲ್ಲಿನ ಗವರ್ನರ್ ಪೋಯರ್ ಹಡಗುಗಳನ್ನು ತಡೆದರು. ಅಲ್ಲಿ ಒಬ್ಬರೂ ಸಾಯಲಿಲ್ಲ. ವೈದ್ಯರನ್ನು ಕಳಿಸುತ್ತೇವೆ ಅಂತ ಅವರು ಹೇಳಿದರೂ ಈ ಕಡೆ ಆಡಳಿತ ನಡೆಸುತ್ತಿದ್ದ ನ್ಯೂಜಿಲೆಂಡಿನ ಅಧಿಕಾರಿ ಲೋಗನ್ ಆ ಸಹಾಯ ಪಡೆಯಲಿಲ್ಲ. ಇಂಥ ಸರ್ಕಾರ ಆಮೇಲೆ ಬಂದು, ನಿಮಗೆ ಆಡಳಿತ ಗೊತ್ತಿಲ್ಲ, ನಾವು ಹೇಳಿದ ಹಾಗೆ ಕೇಳಿ ಅಂದರೆ ಯಾರು ಕೇಳುತ್ತಾರೆ?

ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. ಆಮೇಲೆ ದೊಡ್ಡಪ್ಪ ಮತ್ತೆ ಬಂದರು.

ದೊಡ್ಡಪ್ಪ: ತಾರೀಖು ಹೆಚ್ಚುಕಡಿಮೆ ಇರಲಿ. ಆದರೂ ಶಾಂತಿ, ಅಹಿಂಸೆ ಅಂದರೆ ಅದು ಗಾಂಧೀಜಿಯಿಂದಲೇ ಕಲಿತದ್ದಲ್ಲವೇ? ಬೇರೆ ಯಾರು ಹೇಳಿಕೊಟ್ಟಿರುತ್ತಾರೆ? ಒಳ್ಳೆಯ ಮಾತು ಎಲ್ಲಿಂದ ಬಂದರೇನು, ಒಪ್ಪಿಕೊಳ್ಳಬೇಕು.

ಭಾವ: ಹೆಚ್ಚುಕಡಿಮೆ ಅಲ್ಲ ಮಾವ, ಸತ್ತ ಮೇಲಿನ ತಾರೀಖು.

ದೊಡ್ಡಪ್ಪ: ನಾನು ಮಕ್ಕಳಿಗೆ ಪಾಠ ಹೇಳಿದವನು. ತಾರೀಖು ನನಗೂ ಗೊತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ತಳಮಳ ಆದದ್ದು ದೊಡ್ಡಪ್ಪನ ಈ ಪ್ರಶ್ನೆಯಿಂದಲೇ. ಬೇರೆ ಯಾರು ಹೇಳಿಕೊಟ್ಟಿರುತ್ತಾರೆ? ದೊಡ್ಡಪ್ಪನ ಮಾತಿನಲ್ಲಿ ಕೆಟ್ಟ ಉದ್ದೇಶ ಇಲ್ಲ, ಅವರಿಗೆ ಗಾಂಧೀಜಿ ಅಂದರೆ ಪ್ರಾಣ. ಆದರೆ ಒಂದು ಸಣ್ಣ ದೇಶದ ಜನ ತಾವೇ ಯೋಚಿಸಿ, ತಾವೇ ನಷ್ಟ ತಿಂದು ನಡೆಸಿದ ಹೋರಾಟವನ್ನು ನಾವು ಹೊರಗಿನಿಂದ ಬಂದು ನಮ್ಮ ಖಾತೆಗೆ ಬರೆದುಕೊಂಡರೆ ಅದು ಗೌರವವಲ್ಲ. ಉದ್ದ ಆದರೂ ಆಗಲಿ ಅಂತ ಇದನ್ನು ಬರೆದೆ:

ನಾನು: ದೊಡ್ಡಪ್ಪ, ಅವರಿಗೆ ಅವರದೇ ಹಿರಿಯರಿದ್ದರು. ಜರ್ಮನ್ನರ ಕಾಲದಲ್ಲಿ ಸವಾಯಿ ದ್ವೀಪದ ಲೌವಾಕಿ ಎಂಬ ಮುಖ್ಯಸ್ಥ, ದೊಡ್ಡ ವಾಗ್ಮಿ, ಜನರನ್ನು ಸೇರಿಸಿ ಗವರ್ನರ್ ಸೋಲ್ಫ್‌ಗೆ ಎದುರು ನಿಂತರು. 1909ರಲ್ಲಿ ಅವರನ್ನು ಸೈಪಾನ್ ದ್ವೀಪಕ್ಕೆ ಗಡಿಪಾರು ಮಾಡಿದರು. 1915ರಲ್ಲಿ ಊರಿಗೆ ವಾಪಸು ಬರುವ ದಾರಿಯಲ್ಲೇ ತೀರಿಕೊಂಡರು. ಅವರ ಚಳವಳಿಗೆ ಮೌ ಅಂತ ಹೆಸರು, ಗಟ್ಟಿ ನಿಲುವು ಅಂತ ಅರ್ಥ. ಆ ಹೆಸರನ್ನೇ 1920ರ ದಶಕದ ಹೋರಾಟಗಾರರೂ ಇಟ್ಟುಕೊಂಡರು. ಸಮೋವಾ ಸಮೋವಾದವರಿಗೇ ಅನ್ನುವುದು ಅವರ ಘೋಷಣೆ.

ಅವರ ಬಲ ಇದ್ದದ್ದು ಹಳ್ಳಿಯ ಸಭೆಯಲ್ಲಿ. ಮತಾಯಿಗಳು ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರೆ ಇಡೀ ಊರು ಅದರಂತೆ ನಡೆಯುತ್ತದೆ. 1923ರಲ್ಲಿ ಬಂದ ರಿಚರ್ಡ್‌ಸನ್ ಎಂಬ ಆಡಳಿತಗಾರ ಇದಕ್ಕೇ ಕೈಹಾಕಿದರು. ಕೇಳದವರ ಪದವಿ ಕಿತ್ತರು, ಊರು ಬಿಡಿಸಿದರು. ಆಗ ಊರೂರೇ ಸರ್ಕಾರವನ್ನು ಬಿಟ್ಟು ನಡೆಯಿತು. ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದರು. ಹುಟ್ಟು ಸಾವು ಬರೆಸಲಿಲ್ಲ. ತೆರಿಗೆ ಕಟ್ಟಲಿಲ್ಲ. ತೆಂಗಿನ ಸುಳಿ ಕೊರೆಯುವ ದುಂಬಿಯನ್ನು ಹಿಡಿದು ಕೊಡಬೇಕು ಅಂತ ಕಾನೂನಿತ್ತು, ಅದನ್ನೂ ನಿಲ್ಲಿಸಿದರು. ಕೊಬ್ಬರಿಯೇ ಮುಖ್ಯ ಆದಾಯವಾದ ದೇಶದಲ್ಲಿ ತೆಂಗಿನಕಾಯಿಯನ್ನು ಮರದಲ್ಲೇ ಬಿಟ್ಟರು. ನಷ್ಟ ಆದದ್ದು ಅವರಿಗೇ, ಗೊತ್ತಿದ್ದೇ ಮಾಡಿದರು. 1928ರಲ್ಲಿ ಸುಮಾರು 400 ಜನರನ್ನು ಹಿಡಿದಾಗ ಉಳಿದವರು ತಾವಾಗಿಯೇ ಬಂದು ನಮ್ಮನ್ನೂ ಹಿಡಿಯಿರಿ ಅಂದರು. ಜೈಲಿನಲ್ಲಿ ಜಾಗವೇ ಸಾಲಲಿಲ್ಲ.

ಭಾವ ಇದಕ್ಕೊಂದು ಹೆಬ್ಬೆರಳು ಹಾಕಿದರು. ಅವರಿಂದ ಅದು ಸುಲಭಕ್ಕೆ ಬರುವುದಿಲ್ಲ.

ಅಕ್ಕ: ತಮಸೇಸೆಯವರನ್ನು ತೆರಿಗೆ ಕಟ್ಟಲಿಲ್ಲ ಅಂತ ಇಲ್ಲಿನ ಮೌಂಟ್ ಈಡನ್ ಜೈಲಿಗೆ ಹಾಕಿದ್ದರು, ಆರು ತಿಂಗಳು. ಆ ಕಲ್ಲಿನ ಕಟ್ಟಡ ಇನ್ನೂ ಇದೆ, ಹೆದ್ದಾರಿಯ ಪಕ್ಕದಲ್ಲೇ. ಕೆಲಸಕ್ಕೆ ಹೋಗುವಾಗ ಕಾಣುತ್ತದೆ.

ತಮ್ಮ: ಅವತ್ತು ಗುಂಡು ಯಾಕೆ ಹಾರಿಸಿದರು ಅಕ್ಕ?

ಅಕ್ಕ: ಗಡಿಪಾರಾಗಿದ್ದ ಒಬ್ಬರು ಹಡಗಿನಲ್ಲಿ ವಾಪಸು ಬರುತ್ತಿದ್ದರು. ಅವರನ್ನು ಎದುರುಗೊಳ್ಳಲು ಅಪಿಯಾದ ಕಡಲದಂಡೆಯ ರಸ್ತೆಯಲ್ಲಿ ಮೆರವಣಿಗೆ ಹೊರಟಿತ್ತು. ನಡುವೆ ಪೊಲೀಸರು ಒಬ್ಬರನ್ನು ಬಂಧಿಸಲು ನುಗ್ಗಿದರು. ತಳ್ಳಾಟವಾಯಿತು, ಒಬ್ಬ ಪೊಲೀಸನೂ ಸತ್ತ. ಪೊಲೀಸರು ಗುಂಡು ಹಾರಿಸಿದರು, ಠಾಣೆಯಿಂದ ಮೆಷಿನ್ ಗನ್ನೂ ಸಿಡಿಯಿತು. ತಮಸೇಸೆ ಮುಂದೆ ಬಂದು ತಮ್ಮ ಜನರ ಕಡೆ ತಿರುಗಿ, ಶಾಂತಿ, ಶಾಂತಿ ಅಂತ ಕೂಗುತ್ತಿದ್ದರು. ಆಗಲೇ ಅವರಿಗೆ ಗುಂಡು ಬಿತ್ತು. ಎತ್ತಲು ಓಡಿ ಬಂದವರಿಗೂ ಬಿತ್ತು. ಸಮೋವಾದವರು ಹನ್ನೊಂದು ಜನರಷ್ಟು ಹೋದರು. ತಮಸೇಸೆ ತೀರಿಕೊಂಡದ್ದು ಮರುದಿನ. ಇಪ್ಪತ್ತೆಂಟು ವರ್ಷ.

ಫಾರ್ವರ್ಡಿನಲ್ಲಿ ಸರಿಯಾಗಿದ್ದ ಒಂದೇ ಸಂಗತಿ ಕೊನೆಯ ಮಾತಿನದು. ಅದನ್ನು ಪೂರ್ತಿ ಹಾಕಿದೆ: ನನ್ನ ರಕ್ತ ಸಮೋವಾಕ್ಕಾಗಿ ಹರಿದಿದೆ. ಅದನ್ನು ಕೊಡಲು ನನಗೆ ಹೆಮ್ಮೆ. ಸೇಡು ತೀರಿಸುವ ಯೋಚನೆ ಕನಸಿನಲ್ಲೂ ಬೇಡ, ಅದು ಶಾಂತಿಯಿಂದ ಹರಿದ ರಕ್ತ. ನಾನು ಸತ್ತರೆ, ಏನೇ ಬೆಲೆ ತೆರಬೇಕಾದರೂ ಶಾಂತಿ ಉಳಿಯಬೇಕು.

ದೊಡ್ಡಪ್ಪ: ಇಪ್ಪತ್ತೆಂಟೇ?

ಬೇರೇನೂ ಬರೆಯಲಿಲ್ಲ ಅವರು.

ಚಿಕ್ಕಪ್ಪನಿಗೆ ಯೋಗದ ಗುಂಪಿನ ಚಿಂತೆ. ಪ್ರೊಫೆಸರಿಗೆ ತಪ್ಪು ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಹೇಳದಿದ್ದರೆ ಮಗಳು ಬಿಡುವುದಿಲ್ಲ. ಹೇಳಲೇಬೇಕು ಅಂತ ಅಕ್ಕ ಖಡಾಖಂಡಿತ ಬರೆದಳು. ನನ್ನ ಅಭಿಪ್ರಾಯವೂ ಅದೇ. ಹತ್ತು ಜನಕ್ಕೆ ಕಳಿಸಿದ್ದರೆ ಆ ಹತ್ತು ಜನಕ್ಕೂ ಸರಿಯಾದದ್ದು ಹೋಗಬೇಕು.

ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದವರು ಆಮೇಲೆ ಕೇಳಿದರು.

ಅತ್ತೆ: ಆ ಹುಡುಗನ ಹೆಂಡತಿ ಏನಾದಳು?

ಅಕ್ಕ: ಹೆಸರು ಅಲಾ ತಮಸೇಸೆ. ಗಂಡ ಹೋದ ಮೇಲೆ ಸರ್ಕಾರ ಮೌ ಚಳವಳಿಯನ್ನೇ ರಾಜದ್ರೋಹ ಅಂತ ಘೋಷಿಸಿತು. ಮೌದವರು ಉಡುತ್ತಿದ್ದ ಬಿಳಿ ಪಟ್ಟೆಯ ನೀಲಿ ಬಟ್ಟೆಯನ್ನೂ ನಿಷೇಧಿಸಿತು. ಯುದ್ಧನೌಕೆ ಬಂತು, ಗಂಡಸರೆಲ್ಲ ಕಾಡು ಸೇರಿದರು. ಆಗ ಹೆಂಗಸರು ತಮ್ಮದೇ ಮೌ ಕಟ್ಟಿಕೊಂಡು ಬೀದಿಗೆ ಬಂದರು. ಮುಂದೆ ನಿಂತವರಲ್ಲಿ ಅಲಾ ಒಬ್ಬರು, ಗಡಿಪಾರಾಗಿದ್ದ ನಾಯಕ ನೆಲ್ಸನ್ ಅವರ ಹೆಂಡತಿ ರೋಸಾಬೆಲ್ ಇನ್ನೊಬ್ಬರು. ಮೌ ನಿಲ್ಲಲೇ ಇಲ್ಲ ಅತ್ತೆ. 1936ರಲ್ಲಿ ಇಲ್ಲಿನ ಹೊಸ ಸರ್ಕಾರ ಅದನ್ನು ಒಪ್ಪಿಕೊಳ್ಳಬೇಕಾಯಿತು. ಸ್ವಾತಂತ್ರ್ಯ ಬಂದದ್ದು 1962ರ ಜನವರಿ 1ಕ್ಕೆ. 2002ರಲ್ಲಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾಕ್ಕೇ ಹೋಗಿ ಕ್ಷಮೆ ಕೇಳಿದರು, ಜ್ವರಕ್ಕೂ ಗುಂಡಿಗೂ ಸೇರಿಸಿ.

ಅತ್ತೆ: ಈ ಹೆಂಗಸರ ವಿಷಯ ನನಗೆ ಬೇರೆ ಮೆಸೇಜ್ ಆಗಿ ಬರೆದುಕೊಡು. ನಮ್ಮ ಭಜನಾ ಮಂಡಳಿ ಗುಂಪಿಗೆ ಹಾಕುತ್ತೇನೆ. ತಾರೀಖುಗಳನ್ನು ಅಳಿಯಂದಿರು ಒಂದು ಸಲ ನೋಡಲಿ.