ಅಪ್‌ಡೇಟ್: ರಾಯಚೂರಿನ ಬಿಸಿಲಲ್ಲಿ ಎಸಿ, ಕಾರ್ ಚಾರ್ಜರ್ ಎರಡೂ

ಸಂಜೆ ಎಸಿ ಓಡುವಾಗ ಎಲೆಕ್ಟ್ರಿಕ್ ಕಾರನ್ನು ಚಾರ್ಜ್‌ಗೆ ಹಾಕಿದರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಮನೆಗೆ ಮಂಜೂರಾಗಿದ್ದ ಲೋಡ್ 3 ಕಿಲೋವ್ಯಾಟ್. ಚಾರ್ಜರ್ ಒಂದೇ 3.3 ಎಳೆಯುತ್ತದೆ! ಲೋಡನ್ನು 5ಕ್ಕೆ ಏರಿಸಿಕೊಂಡೆವು. ಕಾರಿಗೆಂದೇ ಮೀಟರ್ ಬೋರ್ಡಿನಿಂದ ದಪ್ಪನೆಯ ತಾಮ್ರದ ತಂತಿ, ಬೇರೆ ಎಂಸಿಬಿ, ವಿದ್ಯುತ್ ಸೋರಿದರೆ ಕಡಿತಗೊಳಿಸುವ ಆರ್‌ಸಿಸಿಬಿ, ಹೊಸ ಅರ್ಥಿಂಗ್ ಹಾಕಿಸಿದೆವು. ಇಲ್ಲಿ ಜಿಪುಣತನ ಸಲ್ಲದು.

ಕಾರಿನ ಪರದೆಯಲ್ಲೇ ಚಾರ್ಜಿಂಗ್ ಸಮಯವನ್ನು ರಾತ್ರಿ 11ಕ್ಕೆ ನಿಗದಿಪಡಿಸಿದ್ದೇನೆ. ಬೆಳಗಿನ 6ರೊಳಗೆ ಸುಮಾರು 23 ಯೂನಿಟ್ ತುಂಬಿಸಬಹುದು. ನಮ್ಮ ಓಡಾಟಕ್ಕೆ ಧಾರಾಳ. ವಿದ್ಯುತ್ ಸ್ಥಾವರವಿರುವ ಶಕ್ತಿನಗರ ಪಕ್ಕದಲ್ಲೇ ಇದ್ದರೇನು, ಸಂಜೆ ಇಡೀ ಓಣಿಯ ಎಸಿಗಳ ಭಾರ ಹೊರುವುದು ಅದೇ ಒಂದು ಟ್ರಾನ್ಸ್‌ಫಾರ್ಮರ್.

ಛಾವಣಿಗೆ ಸೌರಫಲಕ ಹಾಕಿಸಿ ಎಂದವರಿಗೆ: ಹಗಲಿಡೀ ಕಾರು ಕಚೇರಿಯಲ್ಲಿರುತ್ತದೆ, ಸದ್ಯಕ್ಕೆ ಆ ಯೋಚನೆ ಇಲ್ಲ.