ಉದ್ಯಾನದಿಂದ ಬಸ್ ತಂಗುದಾಣದವರೆಗಿನ ಪಾದಚಾರಿ ಮಾರ್ಗ: ಭಾನುವಾರ ಅಳತೆಗೆ ಬನ್ನಿ

ನಿವಾಸಿ, 4ನೇ ಅಡ್ಡರಸ್ತೆ:
ಆತ್ಮೀಯ ನೆರೆಹೊರೆಯವರೇ, ರಸ್ತೆಯ ವಿಷಯ ಬಂದಾಗಲೆಲ್ಲ ನಮ್ಮ ಸಭೆಗಳು ವಾಹನ ನಿಲುಗಡೆಯ ಚರ್ಚೆಯಲ್ಲೇ ಮುಗಿದುಹೋಗಿವೆ. ನಮ್ಮ ಮನೆಯ ಐವರಲ್ಲಿ ಗಾಡಿ ಓಡಿಸುವವನು ನಾನೊಬ್ಬನೇ. ತಾಯಿ, ಪತ್ನಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ದಿನವೂ ನಡೆಯುವುದು ಉದ್ಯಾನದ ಮೂಲೆಯಿಂದ ಮುಖ್ಯರಸ್ತೆಯ ಬಸ್ ತಂಗುದಾಣಕ್ಕೆ ಹೋಗುವ ಈ ದಾರಿಯಲ್ಲೇ. ಕಳೆದ ವಾರ ಔಷಧ ಅಂಗಡಿಯ ಎದುರು ಚರಂಡಿಯ ಮೇಲಿನ ಚಪ್ಪಡಿ ಅಲುಗಾಡಿ, ಅದರ ಸಂದಿಗೆ ಊರುಗೋಲು ಸಿಕ್ಕಿಕೊಂಡು ತಾಯಿ ಬಿದ್ದರು. ಹಣ್ಣಿನ ಗಾಡಿಯವರು ಓಡಿಬಂದು ಎತ್ತಿ ಕೂರಿಸಿದರು. ಮೂಳೆ ಮುರಿಯಲಿಲ್ಲವೆಂಬುದೇ ಸಮಾಧಾನ, ಆದರೆ ಅಂದಿನಿಂದ ಅವರು ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಬಸ್ ಪ್ರಯಾಣ ಉಚಿತವಾದಾಗ ತಂಗಿಯ ಮನೆಗೆ ಒಬ್ಬರೇ ಹೋಗಿಬರತೊಡಗಿದ್ದ ಅವರಿಗೆ ಈಗ ತಂಗುದಾಣ ತಲುಪುವ ಧೈರ್ಯವೇ ಇಲ್ಲ. ಭಾನುವಾರ ಅಳತೆ ಮಾಡಿ, ದುರಸ್ತಿಗೆ ಮನವಿ ಕೊಟ್ಟು, ಇದೊಂದು ದಾರಿಯನ್ನಾದರೂ ನಾವೆಲ್ಲ ಸೇರಿ ಸರಿಪಡಿಸಿಕೊಳ್ಳೋಣ ಎಂಬುದು ನನ್ನ ಕೋರಿಕೆ.

ನಿವಾಸಿ, 1ನೇ ಮುಖ್ಯರಸ್ತೆ:
ನನಗೆ ದೃಷ್ಟಿಯಿಲ್ಲ, ಬಿಳಿಕೋಲು ಹಿಡಿದು ಇದೇ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಗುಂಡಿಯನ್ನು ಕೋಲು ಮೊದಲೇ ತಿಳಿಸುತ್ತದೆ, ಅಡ್ಡ ನಿಲ್ಲಿಸಿದ ಸ್ಕೂಟರನ್ನೂ ತಿಳಿಸುತ್ತದೆ. ಆದರೆ ಕಂಬದಿಂದ ಕಂಬಕ್ಕೆ ಜೋತುಬಿದ್ದಿರುವ ಇಂಟರ್‌ನೆಟ್ ಕೇಬಲ್ ಮುಖದ ಎತ್ತರದಲ್ಲಿರುವುದರಿಂದ ಕೋಲಿಗೆ ಅದು ಸಿಗುವುದೇ ಇಲ್ಲ, ಕೆನ್ನೆಗೆ ತಾಗಿದಾಗಲೇ ಗೊತ್ತಾಗುವುದು. ನೆಲವನ್ನು ಮಾತ್ರ ಅಳೆಯಬೇಡಿ, ದಯವಿಟ್ಟು ಮೇಲಕ್ಕೂ ನೋಡಿ.

ನಿವಾಸಿ, 2ನೇ ಅಡ್ಡರಸ್ತೆ:
ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಕಾಲುದಾರಿ ಸರಿಪಡಿಸಲೆಂದು ಗೇಟಿನ ಮುಂದಿನ ಇಳಿಜಾರನ್ನು ಒಡೆಸಿದರೆ ಕಾರನ್ನು ಒಳಗೆ ತರುವುದು ಹೇಗೆ? ದೂರು ಕೊಟ್ಟರೆ ಮೊದಲು ಹಣ್ಣಿನ ಗಾಡಿಯವರನ್ನೇ ಎಬ್ಬಿಸುತ್ತಾರೆ ಎಂಬ ಆತಂಕವೂ ನನಗಿದೆ.

ನಿವೃತ್ತ ಸಿವಿಲ್ ಎಂಜಿನಿಯರ್, 3ನೇ ಅಡ್ಡರಸ್ತೆ:
ಇಳಿಜಾರಿನ ಪ್ರಶ್ನೆ ನ್ಯಾಯವಾದದ್ದು. ಈಗ ಪ್ರತಿ ಗೇಟಿನ ಮುಂದೆಯೂ ಕಾಲುದಾರಿಯನ್ನು ಕತ್ತರಿಸಿ ರಸ್ತೆಗೆ ಇಳಿಸಿರುವುದರಿಂದ ಗಾಲಿಕುರ್ಚಿಯವರೂ ಮಗುವಿನ ತಳ್ಳುಗಾಡಿ ಹಿಡಿದವರೂ ಹೆಜ್ಜೆಹೆಜ್ಜೆಗೆ ಹತ್ತಿ ಇಳಿಯಬೇಕಾಗಿ ಬಂದು, ಕೊನೆಗೆ ಬೇಸತ್ತು ವಾಹನಗಳ ನಡುವೆಯೇ ನಡೆಯುತ್ತಾರೆ. ಕಾಲುದಾರಿಯ ಮಟ್ಟವನ್ನು ಗೇಟಿನ ಮುಂದೆಯೂ ಹಾಗೆಯೇ ಮುಂದುವರಿಸಿ, ಅದರ ಹೊರ ಅಂಚಿನಲ್ಲಿ ಮಾತ್ರ ಚಿಕ್ಕ ಇಳಿಜಾರು ಕೊಟ್ಟರೆ ಕಾರು ನಿಧಾನವಾಗಿ ಹತ್ತಿ ಬರುತ್ತದೆ, ನಡೆಯುವವರ ದಾರಿ ಎಲ್ಲಿಯೂ ತುಂಡಾಗುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ (ಐಆರ್‌ಸಿ 103) ಕನಿಷ್ಠ 1.8 ಮೀಟರ್ ಅಗಲ ಮತ್ತು 2.2 ಮೀಟರ್ ಎತ್ತರದಷ್ಟು ಜಾಗ ಅಡೆತಡೆಯಿಲ್ಲದೆ ಇರಬೇಕೆನ್ನುತ್ತದೆ. ಜೋತುಬಿದ್ದ ಕೇಬಲ್ ಆ ಎತ್ತರದೊಳಗೇ ಬರುತ್ತದೆ. ಅಂಚುಗಲ್ಲು 150 ಮಿಲಿಮೀಟರ್ ಮೀರಬಾರದು. ನಮ್ಮ ಬೇಕರಿಯ ಮುಂದೆ ಅದು ನನ್ನ ಮೊಣಕಾಲಿನ ಹತ್ತಿರ ಬರುತ್ತದೆ.

ಶಾಲೆಯ ತಿರುವಿನಲ್ಲಿ ಜೀಬ್ರಾ ಪಟ್ಟೆ ಅಳಿಸಿಹೋಗಿದೆ. ಬರಿಯ ಬಣ್ಣಕ್ಕಿಂತ, ರಸ್ತೆಯನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದ ದಾಟುದಾರಿಯನ್ನು ಕೇಳುವುದು ಉತ್ತಮ, ಏಕೆಂದರೆ ಅಲ್ಲಿ ಗಾಡಿಯವರು ವೇಗ ತಗ್ಗಿಸಲೇಬೇಕಾಗುತ್ತದೆ.

ಸಂಘದ ಕಾರ್ಯದರ್ಶಿ:
ಹಣ್ಣಿನ ಗಾಡಿಯವರನ್ನು ಎಬ್ಬಿಸಿರೆಂದು ನಮ್ಮ ಮನವಿಯಲ್ಲಿ ಒಂದು ಪದವೂ ಇರುವುದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಜಾಗವನ್ನು ಅವರೊಂದಿಗೇ ಮಾತನಾಡಿ ಗುರುತಿಸೋಣ. ಸಂಜೆ ಅವರ ಗಾಡಿಯ ದೀಪವಿರುವುದರಿಂದಲೇ ಆ ಮೂಲೆಯಲ್ಲಿ ಹೆಣ್ಣುಮಕ್ಕಳು ಭಯವಿಲ್ಲದೆ ನಡೆಯುತ್ತಾರೆ ಎಂಬುದನ್ನು ನಾನು ಗಮನಿಸಿದ್ದೇನೆ. ಕಾಲುದಾರಿಯ ಮೇಲೆ ಅಡ್ಡ ನಿಂತಿರುವ ವಾಹನಗಳು ಬಹುಪಾಲು ನಮ್ಮವೇ. ಮನವಿ ಕೊಡುವ ಮೊದಲು ಅವುಗಳನ್ನು ನಾವೇ ತೆಗೆಯಬೇಕು, ನನ್ನ ಸ್ಕೂಟರನ್ನು ಇಂದೇ ಒಳಗಿಡುತ್ತೇನೆ.

ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಮನವಿಯ ಆರಂಭದಲ್ಲೇ ಅದನ್ನು ಉಲ್ಲೇಖಿಸುತ್ತೇನೆ. ಭಾನುವಾರ ಬೆಳಿಗ್ಗೆ 7 ಗಂಟೆಗೆ ಉದ್ಯಾನದ ಗೇಟಿನ ಬಳಿ ಸೇರೋಣ. ಅಳತೆಪಟ್ಟಿ ಎಂಜಿನಿಯರ್ ಅವರದು, ಫೋಟೋ ಮತ್ತು ಬರಹದ ಕೆಲಸ ನನ್ನದು.

ನಿವಾಸಿ, 4ನೇ ಅಡ್ಡರಸ್ತೆ:
ತಾಯಿಯೂ ಬರುತ್ತೇನೆಂದಿದ್ದಾರೆ. ಅವರು ನಡೆಯುವ ವೇಗದಲ್ಲೇ ಎಲ್ಲರೂ ನಡೆಯಬೇಕೆಂದು ಕೋರುತ್ತೇನೆ. ಔಷಧ ಅಂಗಡಿಯ ಎದುರು ಇಬ್ಬರು ಅವರ ಪಕ್ಕದಲ್ಲಿರಿ.